ಎರಡು ಕಾಂಟ್ರಾಕ್ಟ್‌ಗಳ ನಡುವೆ ಕೆಲಸವಿಲ್ಲದಾಗ ಸರ್ಕಾರದ ಹಣ ಕೇಳಬಹುದಾ?

ನಿನ್ನೆ ರಾತ್ರಿ ಇಲ್ಲೇ ಇಂಗ್ಲೆಂಡಿನಲ್ಲಿರುವ ಗೆಳೆಯರೊಬ್ಬರು ಫೋನ್ ಮಾಡಿದ್ದರು. ಐಟಿ ಕಾಂಟ್ರಾಕ್ಟರ್. ಕಾಂಟ್ರಾಕ್ಟ್ ಮುಗಿದು ಆರು ವಾರ ಆಗಿದೆ, ಮುಂದಿನದು ಸಿಕ್ಕಿಲ್ಲ. ಕೆಲಸ ಹುಡುಕುತ್ತಿರುವವರಿಗೆ ಇಲ್ಲಿನ ಸರ್ಕಾರ ಕೊಡುವ ಜಾಬ್‌ಸೀಕರ್ಸ್ ಅಲೋವೆನ್ಸ್‌ಗೆ ಅರ್ಜಿ ಹಾಕಿದ್ದೀರಾ ಅಂತ ಕೇಳಿದೆ. "ಛೆ, ಅದೆಲ್ಲ ನಮಗಲ್ಲ ಬಿಡಿ. ದಿನಕ್ಕೆ ನಾನೂರು ಪೌಂಡ್ ದುಡೀತಿದ್ದವನು ಹೋಗಿ ಕೈ ಚಾಚೋಕಾಗುತ್ತಾ? ಊರಲ್ಲಿ ಗೊತ್ತಾದ್ರೆ ಏನಂದುಕೊಳ್ತಾರೆ?" ಅಂದರು.

ಎರಡು ವರ್ಷದ ಹಿಂದೆ ನಾನೂ ಹೀಗೇ ಹೇಳಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಗ ನನ್ನ ಪ್ರಾಜೆಕ್ಟ್ ಒಂದೇ ವಾರದ ನೋಟಿಸ್‌ನಲ್ಲಿ ನಿಂತುಹೋಯಿತು. ಐದು ವಾರ ಯಾರಿಗೂ ಹೇಳದೆ ಕೂತೆ. ಬೆಳಿಗ್ಗೆ ಮಗಳನ್ನು ಸ್ಕೂಲಿಗೆ ಬಿಟ್ಟು ಬಂದು ಏಜೆಂಟ್‌ಗಳಿಗೆ ಫೋನ್ ಮಾಡುವುದು, ಸಂಜೆ ಏನೂ ಆಗಿಲ್ಲ ಎಂಬಂತೆ ಇರುವುದು. ಕೊನೆಗೆ ಹೆಂಡತಿಯೇ ನನ್ನ ಹಳೆಯ ಪೇಸ್ಲಿಪ್‌ಗಳನ್ನು ಮೇಜಿನ ಮೇಲೆ ಹರಡಿ, "ಇದ್ಯಾವ ದುಡ್ಡು, ಪ್ರತಿ ವಾರ ಕಟ್ ಆಗಿದೆಯಲ್ಲ?" ಅಂತ ಕೇಳಿದಳು. ಅದು ನ್ಯಾಷನಲ್ ಇನ್ಶೂರೆನ್ಸ್, ಸಂಬಳದಿಂದ ಸರ್ಕಾರ ಹಿಡಿದುಕೊಳ್ಳುವ ವಿಮೆ ಹಣ. ಈ ಅಲೋವೆನ್ಸ್ ಸಿಗುವುದು ಅದನ್ನು ಕಟ್ಟಿದವರಿಗೇ. ಹೆಸರಲ್ಲೇ ಇನ್ಶೂರೆನ್ಸ್ ಅಂತಿದೆ. ಅಷ್ಟು ವರ್ಷ ಆ ಸಾಲನ್ನು ನಾನು ಸರಿಯಾಗಿ ಓದಿರಲೇ ಇಲ್ಲ.

ನಾವು ಕಾಂಟ್ರಾಕ್ಟರ್‌ಗಳು, ಸ್ವಂತ ದುಡಿಮೆಯವರು ಅಂತ ಹೇಳಿಕೊಳ್ಳುತ್ತೇವೆ. ಆದರೆ 2021ರ ಏಪ್ರಿಲ್‌ನಲ್ಲಿ ಐಆರ್35ರ (ಕಾಂಟ್ರಾಕ್ಟರ್ ನಿಜಕ್ಕೂ ನೌಕರನಂತೆಯೇ ದುಡಿಯುತ್ತಿದ್ದಾನಾ ಅಂತ ನೋಡುವ ಟ್ಯಾಕ್ಸ್ ಕಾನೂನು) ಹೊಸ ನಿಯಮ ಖಾಸಗಿ ವಲಯದ ಮಧ್ಯಮ ಮತ್ತು ದೊಡ್ಡ ಕಂಪನಿಗಳಿಗೂ ಬಂದಮೇಲೆ ನಮ್ಮಲ್ಲಿ ತುಂಬಾ ಜನ ಅಂಬ್ರೆಲಾ ಕಂಪನಿಗೆ, ಅಂದರೆ ಕಾಂಟ್ರಾಕ್ಟರ್‌ಗಳ ಪರವಾಗಿ ಹಣ ಪಡೆದು ಅವರಿಗೆ ಸಂಬಳವಾಗಿ ಕೊಡುವ ಮಧ್ಯದ ಕಂಪನಿಗೆ, ಸೇರಿದೆವು. ಅಲ್ಲಿಗೆ ಕಾನೂನಿನ ಲೆಕ್ಕದಲ್ಲಿ ನಾವು ಆ ಅಂಬ್ರೆಲಾದ ನೌಕರರು. ನಮ್ಮ ಪಾಲಿನ ಇನ್ಶೂರೆನ್ಸ್ ಸಂಬಳದಲ್ಲಿ ಕಟ್ ಆಗುತ್ತದೆ. ಮಾಲೀಕರ ಪಾಲು ಕೂಡ ನಮ್ಮ ಡೇ ರೇಟ್‌ನಿಂದಲೇ ಹೋಗುತ್ತದೆ. 2025ರ ಏಪ್ರಿಲ್‌ನಿಂದ ಆ ಪಾಲು ಶೇಕಡ 15. ದಿನಕ್ಕೆ 400 ಪೌಂಡ್ ರೇಟ್ ಇರುವ ನನ್ನ ಗೆಳೆಯರಿಗೆ ಲೆಕ್ಕ ಹಾಕಿ ತೋರಿಸಿದೆ. ಮಾಲೀಕರ ಪಾಲು ಅಂತ ಅವರು ಬಿಟ್ಟುಕೊಟ್ಟದ್ದೇ ವಾರಕ್ಕೆ ಸುಮಾರು 240 ಪೌಂಡ್. ಈಗ ಅವರು ಕೇಳೋಕೆ ನಾಚಿಕೊಳ್ಳುತ್ತಿರುವುದು ಎಷ್ಟು ಗೊತ್ತಾ? 2025-26ರ ದರದಲ್ಲಿ ವಾರಕ್ಕೆ 92.05 ಪೌಂಡ್. ಅದೂ ಹೆಚ್ಚೆಂದರೆ 182 ದಿನ. ಪೂರ್ತಿ ಪಡೆದರೂ 2,400 ಪೌಂಡ್ ಮುಟ್ಟುವುದಿಲ್ಲ. ಅದರ ಮೇಲೂ ಟ್ಯಾಕ್ಸ್ ಲೆಕ್ಕ ಇದೆ. ಇದನ್ನು ಭಿಕ್ಷೆ ಅಂತ ಯಾಕೆ ಅಂದುಕೊಳ್ಳಬೇಕು?

ನನ್ನ ಅಪ್ಪ ತಿಪಟೂರಿನ ಕಡೆ ಗಾರೆ ಮೇಸ್ತ್ರಿ. ಜೋರು ಮಳೆ ಹಿಡಿಯಿತೆಂದರೆ ಕೆಲಸ ನಿಲ್ಲುತ್ತಿತ್ತು. ಶನಿವಾರದ ಬಟವಾಡೆ ಇಲ್ಲ, ಅಂಗಡಿಯಲ್ಲಿ ಸಾಲ ಬೆಳೆಯುತ್ತಿತ್ತು. ಅಲೋವೆನ್ಸ್‌ಗಾಗಿ ಜಾಬ್‌ಸೆಂಟರ್‌ಗೆ (ಸರ್ಕಾರದ ಉದ್ಯೋಗ ಕಚೇರಿಗೆ) ಹೋಗಿ ಬಂದ ದಿನ ಅಪ್ಪನಿಗೆ ಫೋನ್‌ನಲ್ಲಿ ಹೆದರುತ್ತಲೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಕಟ್ಟಿದ ದುಡ್ಡೇ ತಾನೇ? ನಮಗೂ ಮಳೆಗಾಲಕ್ಕೆ ಇಂಥದ್ದೊಂದು ಇದ್ದಿದ್ರೆ ನಿಮ್ಮಮ್ಮನ ಓಲೆ ಅಡ ಇಡ್ತಿರಲಿಲ್ಲ" ಅಂದರು.

ಬ್ರಿಟನ್ನಿನಲ್ಲಿ ಈ ವ್ಯವಸ್ಥೆ ಶುರುವಾದದ್ದು ಯಾರಿಗಾಗಿ ಅಂತ ಆಮೇಲೆ ಓದಿದೆ. 1911ರ ನ್ಯಾಷನಲ್ ಇನ್ಶೂರೆನ್ಸ್ ಕಾಯ್ದೆ ನಿರುದ್ಯೋಗ ವಿಮೆಯನ್ನು ಎಲ್ಲರಿಗೂ ಕೊಡಲಿಲ್ಲ. ಮೊದಲು ಕೊಟ್ಟದ್ದು ಕೆಲವೇ ಕಸುಬಿನವರಿಗೆ. ಕಟ್ಟಡ ಕೆಲಸ, ಹಡಗು ಕಟ್ಟುವುದು, ಎಂಜಿನಿಯರಿಂಗ್, ಇಂಥವು. ಈ ಕಸುಬುಗಳಲ್ಲಿ ಕೆಲಸ ಬಿಟ್ಟುಬಿಟ್ಟು ಬರುತ್ತದೆ ಅನ್ನುವುದು ಗೊತ್ತಿದ್ದೇ ಅವನ್ನು ಆರಿಸಿದ್ದು. ಕೆಲಸಗಾರ ಮತ್ತು ಮಾಲೀಕ ವಾರಕ್ಕೆ ತಲಾ ಎರಡೂವರೆ ಪೆನ್ನಿ ಕಟ್ಟಬೇಕಿತ್ತು, ಸರ್ಕಾರ ತನ್ನ ಪಾಲು ಸೇರಿಸುತ್ತಿತ್ತು. 1913ರಿಂದ ವಾರಕ್ಕೆ 7 ಶಿಲ್ಲಿಂಗ್ ಕೊಡತೊಡಗಿದರು, ವರ್ಷಕ್ಕೆ 15 ವಾರದವರೆಗೆ. ಅಂದರೆ ಒಂದು ಕೆಲಸ ಮುಗಿದು ಇನ್ನೊಂದು ಸಿಗುವವರೆಗಿನ ಖಾಲಿ ದಿನಗಳಿಗಾಗಿಯೇ ಇದು ಹುಟ್ಟಿದ್ದು. ನಮ್ಮ ಅಪ್ಪನಂಥ ಮೇಸ್ತ್ರಿಗಳಿಗೆ ಮೊದಲು ಸಿಕ್ಕ ಸೌಲಭ್ಯವನ್ನು ಕಂಪ್ಯೂಟರ್ ಮುಂದೆ ಕೂರುವ ನಾನು ಪಡೆಯಲು ನಾಚಿಕೊಂಡಿದ್ದೆ.

ಹಾಗಂತ ಎಲ್ಲರೂ ಕೇಳಲಿ ಅಂತ ನಾನು ಹೇಳುವುದಿಲ್ಲ. ಕಾಂಟ್ರಾಕ್ಟ್ ಮುಗಿಸಿ, ಬೇಕಂತಲೇ ಎರಡು ತಿಂಗಳು ಊರಿಗೆ ಹೋಗಿ ಬರೋಣ ಅಂತ ಹೊರಟವರು ಕೇಳಬಾರದು. ನಿಯಮವೂ ಒಪ್ಪುವುದಿಲ್ಲ. ಇಲ್ಲೇ ಇದ್ದು ಕೆಲಸ ಹುಡುಕುತ್ತಿರಬೇಕು, ಸಿಕ್ಕರೆ ಸೇರಲು ತಯಾರಿರಬೇಕು. ಸ್ವಂತ ಲಿಮಿಟೆಡ್ ಕಂಪನಿ ಇಟ್ಟುಕೊಂಡವರ ವಿಷಯ ಇನ್ನೂ ಕಷ್ಟ. ಸಣ್ಣ ಸಂಬಳ ತೋರಿಸಿ ಉಳಿದದ್ದನ್ನು ಡಿವಿಡೆಂಡ್ ಆಗಿ ತೆಗೆದರೆ, ಆ ಡಿವಿಡೆಂಡ್ ಮೇಲೆ ನ್ಯಾಷನಲ್ ಇನ್ಶೂರೆನ್ಸ್ ಇಲ್ಲ. ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ, ತಪ್ಪಲ್ಲ. ಆದರೆ ಖಾಲಿ ದಿನಗಳಿಗೆ ಅಂತ ಕಂಪನಿಯ ಖಾತೆಯಲ್ಲಿ ಹಣ ಕೂಡಿಟ್ಟಿರುವಾಗ ಮೊದಲು ಅದನ್ನು ಬಳಸುವುದು ನ್ಯಾಯ ಅಂತ ನನಗನಿಸುತ್ತದೆ. ಅದು ಕರಗಿದ ಮೇಲೆ ಕೇಳುವುದಾದರೆ, ಕಂಪನಿ ಇರುವುದನ್ನು ಮುಚ್ಚಿಡಬೇಡಿ. ಅಧಿಕಾರಿಗೆ ಎಲ್ಲ ಹೇಳಿ, ಅವರು ತೀರ್ಮಾನ ಮಾಡಲಿ.

ನನಗೆ ನಿಜವಾಗಿ ಹೊಟ್ಟೆ ಉರಿಯುವುದು ಬೇರೆಯವರಿಗಾಗಿ. ಕಂಪನಿಯೂ ಇಲ್ಲದೆ, ಅಂಬ್ರೆಲಾವೂ ಇಲ್ಲದೆ ಸ್ವಂತವಾಗಿ ದುಡಿಯುವವರು. ಪ್ಲಂಬರ್, ಬಣ್ಣ ಬಳಿಯುವವರು, ಡೆಲಿವರಿ ಮಾಡುವವರು. ಅವರು ಲಾಭದ ಮೇಲೆ ಕಟ್ಟುವುದು ಕ್ಲಾಸ್ 4 ಇನ್ಶೂರೆನ್ಸ್. ಕೆಲಸ ಹೋದರೆ ಅದರಿಂದ ಜಾಬ್‌ಸೀಕರ್ಸ್ ಅಲೋವೆನ್ಸ್ ಒಂದು ಪೆನ್ನಿಯೂ ಸಿಗುವುದಿಲ್ಲ. ಉಳಿದ ದಾರಿ ಯೂನಿವರ್ಸಲ್ ಕ್ರೆಡಿಟ್, ಅಂದರೆ ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ನೆರವು. ಅಲ್ಲಿ ಗಂಡ ಅಥವಾ ಹೆಂಡತಿಯ ಆದಾಯ ನೋಡುತ್ತಾರೆ, ಉಳಿತಾಯ 16,000 ಪೌಂಡ್ ದಾಟಿದ್ದರೆ ಕೊಡುವುದೇ ಇಲ್ಲ. ಕಟ್ಟಿಸಿಕೊಳ್ಳುವುದಾದರೆ ಕಷ್ಟಕ್ಕೂ ಆಗಬೇಕು ಅಲ್ವಾ? ಅವರಿಂದ ಸ್ವಲ್ಪ ಜಾಸ್ತಿ ತೆಗೆದುಕೊಂಡರೂ ಪರವಾಗಿಲ್ಲ, ಕೆಲಸವಿಲ್ಲದ ವಾರಗಳಿಗೆ ಒಂದು ಆಸರೆ ಕೊಡಲೇಬೇಕು.

ನಮ್ಮವರಲ್ಲಿ ಇನ್ನೊಂದು ಭಯ ಇದೆ, ವೀಸಾ ಭಯ. ಡಿಪೆಂಡೆಂಟ್ ವೀಸಾದಲ್ಲಿ (ಸಂಗಾತಿಯ ವೀಸಾ ಆಧಾರದಲ್ಲಿ) ಬಂದು ಕಾಂಟ್ರಾಕ್ಟ್ ಮಾಡುವವರು ಜಾಸ್ತಿ ಇದ್ದಾರೆ. ಅವರ ವೀಸಾದಲ್ಲಿ ಪಬ್ಲಿಕ್ ಫಂಡ್ಸ್, ಅಂದರೆ ಒಂದು ಪಟ್ಟಿಯಲ್ಲಿರುವ ಸರ್ಕಾರಿ ನೆರವುಗಳನ್ನು, ಪಡೆಯಬಾರದು ಅಂತ ಬರೆದಿರುತ್ತದೆ. ಯೂನಿವರ್ಸಲ್ ಕ್ರೆಡಿಟ್ ಆ ಪಟ್ಟಿಯಲ್ಲಿದೆ, ಅದನ್ನು ಮುಟ್ಟಬೇಡಿ. ಆದರೆ ನಾನು ಇಷ್ಟು ಹೊತ್ತು ಹೇಳಿದ ಅಲೋವೆನ್ಸ್ (ಅದರ ಪೂರ್ತಿ ಹೆಸರು ನ್ಯೂ ಸ್ಟೈಲ್ ಜಾಬ್‌ಸೀಕರ್ಸ್ ಅಲೋವೆನ್ಸ್) ಆ ಪಟ್ಟಿಯಲ್ಲಿಲ್ಲ, ಯಾಕೆಂದರೆ ಅದು ನೀವು ಕಟ್ಟಿದ ಇನ್ಶೂರೆನ್ಸ್‌ನ ಹಕ್ಕು. ಸಂಗಾತಿಯ ಸಂಬಳವನ್ನೂ ಉಳಿತಾಯವನ್ನೂ ಅದಕ್ಕೆ ಲೆಕ್ಕ ಹಾಕುವುದಿಲ್ಲ. ಹಿಂದಿನ ಎರಡು ಮೂರು ವರ್ಷ ನೌಕರರಾಗಿ ಸಾಕಷ್ಟು ಕಟ್ಟಿರಬೇಕು, ಅಷ್ಟೇ.

ಹಣಕ್ಕಿಂತ ದೊಡ್ಡದೊಂದು ಇದರಲ್ಲಿದೆ. ಅಲೋವೆನ್ಸ್ ಪಡೆಯುವಷ್ಟು ವಾರ ಇನ್ಶೂರೆನ್ಸ್ ಕ್ರೆಡಿಟ್ ಸಿಗುತ್ತದೆ, ಅಂದರೆ ಆ ವಾರಗಳೂ ಇನ್ಶೂರೆನ್ಸ್ ಕಟ್ಟಿದ ಹಾಗೇ ಲೆಕ್ಕಕ್ಕೆ ಬರುತ್ತವೆ. ಇಲ್ಲಿನ ಪೂರ್ತಿ ಪಿಂಚಣಿಗೆ ಸಾಮಾನ್ಯವಾಗಿ 35 ವರ್ಷದ ಲೆಕ್ಕ ಬೇಕು, ಏನಾದರೂ ಸಿಗಬೇಕೆಂದರೂ 10 ವರ್ಷ ಬೇಕು. ಮೂವತ್ತೈದು, ನಲವತ್ತು ವಯಸ್ಸಿಗೆ ಇಲ್ಲಿಗೆ ಬಂದ ನಮಗೆ ಒಂದೊಂದು ವರ್ಷವೂ ಮುಖ್ಯ.

ಗೆಳೆಯರು ಇವತ್ತು ಬೆಳಿಗ್ಗೆ ಮೆಸೇಜ್ ಮಾಡಿದ್ದರು, ಪಿ45 (ಕೆಲಸ ಬಿಟ್ಟಾಗ ಕಂಪನಿ ಕೊಡುವ ಪತ್ರ) ಹುಡುಕುತ್ತಿದ್ದಾರಂತೆ. ಶನಿವಾರ ನಮ್ಮ ಮನೆಗೆ ಬರುತ್ತಾರೆ, ಇಬ್ಬರೂ ಕೂತು ಆನ್‌ಲೈನ್ ಅರ್ಜಿ ತುಂಬುತ್ತೇವೆ. ನಿಮಗೂ ಅರ್ಜಿಯಲ್ಲಿ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಇನ್‌ಬಾಕ್ಸ್‌ಗೆ ಬನ್ನಿ. ನನ್ನ ಹಾಗೆ ಐದು ವಾರ ಕಾಯಬೇಡಿ.