ಬಿಷ್ಕೆಕ್ ಡಾಕ್ಟ್ರು, ಊರಿನ ಬೆಕ್ಕು

ನಮ್ಮೂರ ಪಿಎಚ್‌ಸೀಲಿ ಡಾಕ್ಟ್ರ ಕುರ್ಚಿ ಮೇಲೆ ಸದ್ಯಕ್ಕೆ ಒಂದು ಬೆಕ್ಕು ಮಲಗುತ್ತೆ, ಟ್ರಾನ್ಸ್‌ಫರ್ ಕೇಳಿಲ್ಲ, ರಜೆ ಹಾಕಿಲ್ಲ, ಇಷ್ಟು ನಿಯತ್ತಾಗಿ ಡ್ಯೂಟಿ ಮಾಡಿದೋರು ಆ ಕುರ್ಚೀಲಿ ಇದೇ ಮೊದಲು. ಯಾಕ್ರೀ ಡಾಕ್ಟ್ರಿಲ್ಲ ಅಂದ್ರೆ ಕೊರತೆ ಸಾರ್ ಅಂತಾರೆ. ದಿಲ್ಲೀಲಿ ಕೇಳಿ ನೋಡಿ, ಕೊರತೆನೇ ಇಲ್ಲ! ಸಾವಿರ ಜನಕ್ಕೆ ಒಬ್ರು ಸಾಕು ಅನ್ನೋ ಕಡೆ ನಮ್ಮಲ್ಲಿ 834 ಜನಕ್ಕೇ ಒಬ್ರು ಇದಾರೆ ಅಂತ ಪಾರ್ಲಿಮೆಂಟಲ್ಲೇ ಉತ್ತರ ಕೊಟ್ಟಿದ್ರು, ರಿಜಿಸ್ಟರಲ್ಲಿರೋ ಅಲೋಪತಿಯೋರು ನೂರಕ್ಕೆ 80 ಜನ ಸಿಗ್ತಾರೆ ಅಂದ್ಕೊಂಡು, ಮೇಲೊಂದಿಷ್ಟು ಲಕ್ಷ ಆಯುಷ್‌ನೋರನ್ನ ಒಗ್ಗರಣೆ ಹಾಕ್ಕೊಂಡು. ಬೆಕ್ಕನ್ನ ಬಿಟ್ಟಿದ್ದು ಯಾಕೋ ಗೊತ್ತಾಗ್ಲಿಲ್ಲ.

ನಮ್ಮ ಎದುರು ಮನೆ ಹುಡ್ಗ ಕಿರ್ಗಿಸ್ತಾನದ ರಾಜಧಾನಿ ಬಿಷ್ಕೆಕ್‌ಗೆ ಹೋಗಿ ಎಂಬಿಬಿಎಸ್ ಓದ್ಕೊಂಡು ಬಂದಿದಾನೆ. ನೀಟ್ ಬರೆಯೋರು 20 ಲಕ್ಷಕ್ಕೂ ಮೇಲೆ, ಸೀಟು ಲಕ್ಷದ ಆಸುಪಾಸು, ಅದ್ರಲ್ಲೂ ಮ್ಯಾನೇಜ್‌ಮೆಂಟ್ ಸೀಟಿಗೆ ಕೋಟಿ ಹತ್ರ ಹೋಗುತ್ತೆ, ಅವರಪ್ಪನ ಹತ್ರ ಇದ್ದಿದ್ದು ಒಂದು ಸೈಟು. ಏಜೆಂಟು ಹೋಟೆಲ್ ಹಾಲಲ್ಲಿ ಎಲ್ರಿಗೂ ಟೊಮ್ಯಾಟೊ ಸೂಪ್ ಕುಡಿಸಿ ಸ್ಲೈಡ್ ತೋರಿಸ್ದ, ನಾನೂ ಸೂಪಿಗೆ ಹೋಗಿದ್ದೆ. ಆಸ್ಪತ್ರೇಲಿ ಎಷ್ಟು ಪೇಶೆಂಟು ಬರ್ತಾರೆ ಅಂತ ಒಬ್ರೂ ಕೇಳ್ಲಿಲ್ಲ, ಮೊಸರನ್ನ ಸಿಗುತ್ತಾ ಅಂತ ಮೂರು ಜನ ಕೇಳಿದ್ರು. ಇಂಡಿಯನ್ ಮೆಸ್ ಇದೆ ಅಂದ್ ತಕ್ಷಣ ಸೈಟು ಮಾರಾಟ ಆಯ್ತು.

ಪಾಠ ಇಂಗ್ಲಿಷಲ್ಲಿ, ಪೇಶೆಂಟು ಮಾತಾಡೋದು ರಷ್ಯನ್ ಇಲ್ಲಾ ಕಿರ್ಗಿಜ್. ಹುಡ್ಗ ಈಗ್ಲೂ ಅವರಜ್ಜಿ ಮಂಡಿ ಮುಟ್ಟಿ "ಗ್ದೇ ಬಲೀತ್" ಅಂತಾನೆ, ಎಲ್ಲಿ ನೋವು ಅಂತ ಅರ್ಥ, ಅಜ್ಜಿ ಏನೋ ಮಂತ್ರ ಅಂದ್ಕೊಂಡು ಕೈ ಮುಗಿಯುತ್ತೆ.

2021ರ ರೂಲ್ಸ್ ಬಂದ್ಮೇಲೆ ಸೇರಿದೋರು ಕನಿಷ್ಠ 54 ತಿಂಗಳು ಅಲ್ಲೇ ಓದಿ, ಒಂದು ವರ್ಷ ಅಲ್ಲೇ ಇಂಟರ್ನ್‌ಶಿಪ್ ಮಾಡಿ, ವಾಪಸ್ ಬಂದು ಎಫ್‌ಎಂಜಿಇ ಅನ್ನೋ, ಹೊರದೇಶದಲ್ಲಿ ಓದಿದೋರು ಇಲ್ಲಿ ಡಾಕ್ಟ್ರಾಗೋಕೆ ಪಾಸಾಗ್ಲೇಬೇಕಾದ ಪರೀಕ್ಷೆ ಬರೆದು 300ಕ್ಕೆ 150 ತಗೊಂಡು, ಆಮೇಲೆ ಇಲ್ಲಿ ಇನ್ನೊಂದು ವರ್ಷ ಇಂಟರ್ನ್‌ಶಿಪ್. ಹೆಚ್ಚಿನ ಸಲ ಬರೆದೋರಲ್ಲಿ ಮುಕ್ಕಾಲು ಪಾಲು ಫೇಲು. ಪರೀಕ್ಷೆ ಬೇಡ ಅಂತ ನಾನನ್ನಲ್ಲ, ನಂಗೂ ಜೀವದ ಮೇಲೆ ಆಸೆ ಇದೆ. ಆದ್ರೆ 2023ರಲ್ಲಿ ಪಿಜಿ ಸೀಟು ಖಾಲಿ ಉಳಿದ್ವು ಅಂತ ನೀಟ್ ಪಿಜಿ ಕಟಾಫನ್ನ ಸೊನ್ನೆ ಪರ್ಸೆಂಟೈಲ್‌ಗೆ ಇಳಿಸಿದ್ರಲ್ಲ, ಅಂದ್ರೆ ಬರೆದೋರೆಲ್ಲ ಅರ್ಹರು, ಮೈನಸ್ 40 ಬಂದೋರೂ ಸ್ಪೆಷಲಿಸ್ಟ್ ಆಗೋ ಕ್ಯೂನಲ್ಲಿ ನಿಲ್ಬೋದಿತ್ತು. ನಮ್ಮ ಹುಡ್ಗ ಪ್ಲಸ್ 141, ಫೇಲು. ಎಫ್‌ಎಂಜಿಇಲಿ ನೆಗೆಟಿವ್ ಮಾರ್ಕಿಂಗೇ ಇಲ್ವಂತೆ, ಮೈನಸ್ ತಗೊಂಡು ಉದ್ಧಾರ ಆಗೋ ಯೋಗನೂ ಪಾಪ ಅವನಿಗಿಲ್ಲ. ಮೂರನೇ ಸಲಕ್ಕೆ ಕೋಚಿಂಗ್ ಸೇರಿದಾನೆ, ಈ ಸಲ ಮಾರೋಕೆ ಸೈಟಿಲ್ಲ, ಅಮ್ಮನ ಬಳೆ.

ಮೊನ್ನೆ ನಮ್ಮಮ್ಮಂಗೆ ಜ್ವರ ಬಂತು. ಪಿಎಚ್‌ಸೀಗೆ ಹೋದ್ರೆ ಬೆಕ್ಕು ಒಂದು ಕಣ್ಣು ಬಿಟ್ಟು ನೋಡಿ ಮತ್ತೆ ಮಲಗ್ತು. ಸರಿ ಅಂತ ಮೆಡಿಕಲ್ ಶಾಪಿಗೆ ಹೋದ್ವಿ, ಜೊತೇಲಿ ನಮ್ಮ ಬಿಷ್ಕೆಕ್ ಡಾಕ್ಟ್ರೂ ಬಂದಿದ್ದ. ಕೌಂಟರಲ್ಲಿ ನಿಂತಿದ್ದ ಹುಡ್ಗ ಪಿಯುಸೀಲಿ ಎರಡು ಸಲ ಡುಮ್ಕಿ ಹೊಡೆದೋನು, ಅಮ್ಮನ ಮುಖನೂ ನೋಡ್ದೆ ಆಂಟಿಬಯೋಟಿಕ್ ಸ್ಟ್ರಿಪ್ಪನ್ನ ಕತ್ರೀಲಿ ಕತ್ತರಿಸಿ ಮೂರು ಮಾತ್ರೆ ಕವರಿಗೆ ಹಾಕ್ದ. ನಮ್ಮೋನು ಮೆಲ್ಲಗೆ, "ಇದು ವೈರಲ್ ಇದ್ದಂಗಿದೆ, ಆಂಟಿಬಯೋಟಿಕ್ ಬೇಕಾಗಲ್ಲ ಅನ್ಸುತ್ತೆ" ಅಂದ.

ಕತ್ರಿ ನಿಂತ್ತು. "ಎಗ್ಸಾಮ್ ಪಾಸಾಯ್ತಾ ಸಾರ್?"