ಬೇಡ ಅಂದಿದ್ದು ಯಾಕೆ ಅಂತಲೂ ಬರೆದಿಡಿ

ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ) ಪ್ರಾಜೆಕ್ಟಿಗೆ ಡಿಸೈನ್ ಸ್ಪೆಕ್, ಅಂದರೆ ಏನನ್ನು ಹೇಗೆ, ಯಾಕೆ ಕಟ್ಟುತ್ತೇವೆ ಅನ್ನುವ ದಾಖಲೆ, ಬರೆಯೋಣ ಅಂದ ಕೂಡಲೇ ಹುಡುಗರು ಮುಖ ಸಿಂಡರಿಸುತ್ತಾರೆ. "ಕೋಡ್ ಐತಲ್ರೀ ಸರ್, ಅದನ್ನ ಓದಿದ್ರ ಸಾಕಲ್ರೀ?" ಕೋಡ್ ಓದಿದರೆ ಏನು ಮಾಡಿದ್ದೇವೆ ಅಂತ ತಿಳಿಯುತ್ತದೆ. ಯಾವುದನ್ನು ಬೇಡ ಅಂತ ಬಿಟ್ಟೆವು, ಯಾಕೆ ಬಿಟ್ಟೆವು ಅನ್ನುವುದು ಅದರಲ್ಲಿ ಎಲ್ಲಿರುತ್ತದೆ? ನನ್ನ ಪ್ರಕಾರ ಸ್ಪೆಕ್ ಇರುವುದೇ ಅದಕ್ಕೆ.

ಬೆಳಗಾವಿಯ ನಾವು ಕೆಲವರು ಸೇರಿ ಕನ್ನಡ ಪಠ್ಯದಲ್ಲಿ ಪದ ಹುಡುಕುವ ಸಣ್ಣ ಲೈಬ್ರರಿಯೊಂದನ್ನು (ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಕೋಡ್) ನಡೆಸುತ್ತಿದ್ದೇವೆ. ಅದರಲ್ಲಿ ಒಂದು ಹಳೇ ತಲೆನೋವಿದೆ. 'ರ‍್ಯಾಂಕ್' ಅಂತ ಮೂಡಬೇಕಾದರೆ ರ ಮತ್ತು ಹಲಂತದ ನಡುವೆ ಜೀರೋ ವಿಡ್ತ್ ಜಾಯ್ನರ್ ಅನ್ನುವ, ಕಣ್ಣಿಗೆ ಕಾಣದ ಅಕ್ಷರ ಕೂರಬೇಕು. ಇಲ್ಲದಿದ್ದರೆ ಯೂನಿಕೋಡ್ ನಿಯಮದಂತೆ ರ ಅರ್ಕಾವತ್ತಾಗಿ 'ರ್ಯಾಂಕ್' ಆಗುತ್ತದೆ. ಜನ ಎರಡೂ ಥರ ಟೈಪ್ ಮಾಡುತ್ತಾರೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ.

ಹೊಸಬರಿಗೆ ತಟ್ಟನೆ ಹೊಳೆಯುವ ದಾರಿ ಒಂದೇ. ಆ ಜಾಯ್ನರನ್ನು ಕಿತ್ತುಹಾಕುವುದು. ಪ್ಯಾಚ್ (ಕೋಡಿಗೆ ಕಳಿಸುವ ತಿದ್ದುಪಡಿ) ಚಿಕ್ಕದು, ಟೆಸ್ಟೂ ಪಾಸಾಗುತ್ತದೆ. ಆದರೆ ಉಳಿಸಿಟ್ಟ ಪಠ್ಯದಿಂದಲೇ ತೆಗೆದರೆ, ಬರೆದವರು ಯಾವ ರೂಪದಲ್ಲಿ ಬರೆದಿದ್ದರು ಅನ್ನುವುದೇ ಅಳಿಸಿಹೋಗುತ್ತದೆ. ಅದಕ್ಕೇ ಮೂಲ ಪಠ್ಯ ಮುಟ್ಟಬಾರದು, ಹೋಲಿಸುವಾಗ ಮಾತ್ರ ಜಾಯ್ನರನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ ತೀರ್ಮಾನವಾಗಿದೆ. ಈ ತೀರ್ಮಾನ ಆಗಿದ್ದು ಬೆಳಗಾವಿಯ ಟಿಳಕವಾಡಿಯಲ್ಲಿ, ಚಹಾ ಕುಡಿಯುತ್ತಾ. ವಿಜಯಪುರದಲ್ಲಿ ಕೂತು ಪ್ಯಾಚ್ ಕಳಿಸುವ ಹುಡುಗಿ "ಯಾಕ ತಗೊಳ್ಳಲಿಲ್ರೀ ಸರ್?" ಅಂತ ಕೇಳಿದರೆ ತಪ್ಪೇನು? ವಾಟ್ಸಾಪ್ ಗ್ರೂಪಿನಲ್ಲಿ ಹಿಂದಕ್ಕೆ ಹೋಗಿ ನೋಡಮ್ಮಾ ಅನ್ನುವುದು ಉತ್ತರವೇ ಅಲ್ಲ.

ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯವರು 2000ದಿಂದಲೂ ದೊಡ್ಡ ಬದಲಾವಣೆಗಳಿಗೆ 'ಪೆಪ್' ಅನ್ನುವ ದಾಖಲೆ ಬರೆಯುತ್ತಾರೆ. ಕೈಬಿಟ್ಟ ಐಡಿಯಾಗಳಿಗೆ ಅದರಲ್ಲಿ ಬೇರೆಯದೇ ಭಾಗವಿದೆ. 2018ರಲ್ಲಿ ಪೆಪ್ 572 (ಲೆಕ್ಕದ ನಡುವೆಯೇ ಅದರ ಫಲಕ್ಕೆ ಹೆಸರಿಡಲು ':=' ಅನ್ನುವ ಹೊಸ ಚಿಹ್ನೆ ತಂದದ್ದು) ಎಷ್ಟು ಜಗಳ ಎಬ್ಬಿಸಿತು ಅಂದರೆ, ಅದನ್ನು ಒಪ್ಪಿದ ಮೇಲೆ ಪೈಥಾನ್ ಹುಟ್ಟುಹಾಕಿದ ಗೈಡೊ ವಾನ್ ರೋಸಮ್ ಮುಂದಾಳತ್ವವನ್ನೇ ಬಿಟ್ಟರು. (ಸ್ಪೆಕ್ ಇದ್ದರೆ ಜಗಳ ಇರಲ್ಲ ಅಂತ ನಾನೇನೂ ಹೇಳುತ್ತಿಲ್ಲ!) ಆದರೂ ಇವತ್ತು ಅದನ್ನು ತೆರೆದರೆ, ಹೊಸ ಚಿಹ್ನೆಯ ಬದಲು 'ಆ್ಯಸ್' (as) ಅನ್ನುವ ಪದ ಯಾಕೆ ಆಗಲಿಲ್ಲ ಅಂತ ಕಾರಣ ಸಮೇತ ಇದೆ. ಇಂಪೋರ್ಟ್, ಎಕ್ಸೆಪ್ಟ್, ವಿತ್ ಅನ್ನುವ ಮೂರು ಪೈಥಾನ್ ಆದೇಶಗಳಲ್ಲೂ ಅದಕ್ಕೆ ಆಗಲೇ ಬೇರೆ ಕೆಲಸವಿತ್ತು. ಅದೇ ಸಲಹೆ ಹಿಡಿದು ಬಂದವರಿಗೆ ಒಂದು ಲಿಂಕ್ ಕೊಟ್ಟರೆ ಸಾಕು. ರಸ್ಟ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯವರದ್ದು ಇನ್ನೊಂದು ಒಳ್ಳೇ ಪದ್ಧತಿ. ಚರ್ಚೆ ಒಂದು ಹದಕ್ಕೆ ಬಂದ ಮೇಲೆ ಕೊನೆಯ ಮಾತಿಗೆ 10 ದಿನ. ನಮ್ಮಲ್ಲಿ ಚರ್ಚೆ ಮುಗಿಯುವುದು ಎಲ್ಲರಿಗೂ ಬೇಜಾರಾದಾಗ.

ಸ್ಪೆಕ್ ಎಲ್ಲಿಡಬೇಕು? ಕೋಡ್ ಇರುವ ರೆಪೊದಲ್ಲೇ (ಪ್ರಾಜೆಕ್ಟಿನ ಕಡತಗಳ ಕಣಜ), ಸಾದಾ ಟೆಕ್ಸ್ಟ್ ಫೈಲಿನಲ್ಲಿ. ಯಾರದೋ ಗೂಗಲ್ ಡ್ರೈವಿನಲ್ಲಿದ್ದರೆ ಅವರು ಕೆಲಸ ಬದಲಿಸಿದ ದಿನ ಅದೂ ಹೋಯ್ತು. ಕೋಡ್ ಬದಲಾದರೆ ಅದೇ ಪುಲ್ ರಿಕ್ವೆಸ್ಟಿನಲ್ಲಿ (ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಸ್ಪೆಕ್ಕೂ ಬದಲಾಗಬೇಕು. ಮೇಲುಗಡೆ ಒಂದು ಸಾಲು ಇರಲಿ: ಕರಡು, ಒಪ್ಪಿದೆ, ಬೇಡ, ಹಳತಾಯ್ತು. ಸುಮ್ನೆ ಬಟನ್ ಬಣ್ಣಕ್ಕೆಲ್ಲ ಸ್ಪೆಕ್ ಬೇಡ. ಮುಂದೆ ಬದಲಿಸಲು ಕಷ್ಟವಾಗುವಂಥದ್ದಕ್ಕೆ ಸಾಕು.

ಭಾಷೆಯ ಬಗ್ಗೆ ನಮ್ಮಲ್ಲೇ ಒಮ್ಮತ ಇಲ್ಲ. ಇಂಗ್ಲಿಷಿನಲ್ಲಿದ್ದರೆ ಹೊರಗಿನವರೂ ಓದುತ್ತಾರೆ ಅನ್ನುತ್ತಾರೆ ಕೆಲವರು. ಅರ್ಕಾವತ್ತಿನ ಗೋಜಲನ್ನು ಕನ್ನಡದಲ್ಲೇ ಬರೆಯೋಣ ಅನ್ನುವುದು ನನ್ನ ವಾದ. ಬೇಕಾದವರು ಆಮೇಲೆ ಇಂಗ್ಲಿಷಿಗೆ ತಂದುಕೊಳ್ಳಲಿ.