ಐದಕ್ಕೆ ಐದು ಅಂಕ ಕೊಟ್ಟ ಆ ಉತ್ತರ

ಕೆಲವು ವರ್ಷದ ಹಿಂದಿನ ಮಾತು. ಪರಿಸರ ವಿಜ್ಞಾನದ ಇಂಟರ್ನಲ್ ಪರೀಕ್ಷೆಗೆ ನಾನೊಂದು ಪ್ರಶ್ನೆ ಕೊಟ್ಟಿದ್ದೆ. 'ಬಂಜರು ಭೂಮಿ ಎಂದರೇನು? ನಿಮ್ಮ ಊರಿನ ಉದಾಹರಣೆ ಕೊಟ್ಟು ಬರೆಯಿರಿ.' ಚಳ್ಳಕೆರೆ ಕಡೆಯ ಒಂದು ಹಟ್ಟಿಯಿಂದ (ದನ ಕುರಿ ಸಾಕುವವರ ಸಣ್ಣ ಊರು) ಬರುತ್ತಿದ್ದ ಹುಡುಗ ನೀಟಾಗಿ ಬರೆದಿದ್ದ. ಮರಗಿಡ ಇಲ್ಲದ, ಉಪಯೋಗಕ್ಕೆ ಬಾರದ ಭೂಮಿ ಬಂಜರು ಭೂಮಿ. ಉದಾಹರಣೆ: ನಮ್ಮೂರಿನ ಕಾವಲು (ದನ ಮೇಯುವ ಬಯಲು). ಅಲ್ಲಿ ಸಸಿ ನೆಟ್ಟು ಅಭಿವೃದ್ಧಿ ಮಾಡಬೇಕು.

ನಾನು ಐದಕ್ಕೆ ಐದು ಅಂಕ ಕೊಟ್ಟೆ.

ಎರಡು ತಿಂಗಳಾದ ಮೇಲೆ ಗೊತ್ತಾಯಿತು. ಆ ಹುಡುಗನ ತಾತ ಕಿಲಾರಿ. ಅದೇ ಕಾವಲಿನಲ್ಲಿ ದೇವರ ಎತ್ತು ಮೇಯಿಸಿಕೊಂಡು ಇಡೀ ಆಯುಷ್ಯ ಕಳೆದವರು. ಹುಡುಗನೂ ರಜೆಯಲ್ಲಿ ತಾತನ ಹಿಂದೆ ಕಾವಲಿಗೆ ಹೋಗುತ್ತಿದ್ದ. ಯಾವ ಹುಲ್ಲು ಯಾವಾಗ ಚಿಗುರುತ್ತದೆ, ಯಾವುದನ್ನು ದನ ಮೂಸಿ ಬಿಡುತ್ತದೆ, ಎಲ್ಲಾ ಗೊತ್ತಿತ್ತು ಅವನಿಗೆ. ಅದನ್ನು ಬರೆದರೆ ಅಂಕ ಬರಲ್ಲ ಅನ್ನುವುದೂ ಗೊತ್ತಿತ್ತು. ತಾತ ಬಾಳಿದ ನೆಲವನ್ನು ಮೊಮ್ಮಗನ ಕೈಯಲ್ಲಿ 'ಉಪಯೋಗಕ್ಕೆ ಬಾರದ್ದು' ಅಂತ ಬರೆಸಿದವನು ನಾನು. ಈ ಬರಹ ಆ ತಪ್ಪಿನ ಬಗ್ಗೆ.

ಹೊರಗಿನ ಜಿಲ್ಲೆಯವರಿಗಾಗಿ ಸ್ವಲ್ಪ ಹೇಳುತ್ತೇನೆ. ನಮ್ಮ ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರು ಸೀಮೆಯಲ್ಲಿ ಮ್ಯಾಸಬೇಡರು, ಕಾಡುಗೊಲ್ಲರು ತಲೆಮಾರುಗಳಿಂದ ಇದ್ದಾರೆ. ಇಬ್ಬರೂ ದನ ಕುರಿ ನಂಬಿ ಬದುಕಿದ ಬುಡಕಟ್ಟುಗಳು. ಇವರ ವೀರರೂ ದನ ಕಾದವರೇ. ಮ್ಯಾಸಬೇಡರಿಗೆ ಗಾದರಿ ಪಾಲನಾಯಕ, ಕಾಡುಗೊಲ್ಲರಿಗೆ ಜುಂಜಪ್ಪ, ಎತ್ತಪ್ಪ. ದೇವರಿಗೆ ಬಿಟ್ಟ ಎತ್ತುಗಳನ್ನು ಹೊಲಕ್ಕೆ ಹೂಡುವುದಿಲ್ಲ, ಮಾರುವುದಿಲ್ಲ. ಸತ್ತರೆ ಮನೆಯವರಂತೆ ಮಣ್ಣು ಮಾಡುತ್ತಾರೆ. ಅವನ್ನು ನೋಡಿಕೊಳ್ಳುವವನೇ ಕಿಲಾರಿ.

ಇವರ ದನ ಮೇಯುವ ಜಾಗ ಕಾವಲು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಅಂತಿದ್ದ ದನಗಳ ಇಲಾಖೆಗೆ ಟಿಪ್ಪು 'ಅಮೃತ್ ಮಹಲ್' ಎಂದು ಹೆಸರಿಟ್ಟ. ದಂಡಿನ ಸಾಮಾನು, ಫಿರಂಗಿ ಎಳೆಯುವ ಎತ್ತುಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳೇ ಅಮೃತ್ ಮಹಲ್ ಕಾವಲು. ಹಳೆಯ ಮೈಸೂರು ಗೆಜೆಟಿಯರ್‌ಗಳಲ್ಲಿ ಈ ಕಾವಲುಗಳನ್ನು ಮೂರು ಥರ ಮಾಡಿದ್ದಾರೆ. ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು. ನೆರಳು, ಕೆರೆ ಅಂಗಳ ಇರುವುದು ಬೇಸಿಗೆಗೆ. ಮಳೆ ಬಿದ್ದ ಕೂಡಲೇ ಹುಲ್ಲು ಬರುವುದು ಮಳೆಗಾಲಕ್ಕೆ. ಇದನ್ನು ಮೈಸೂರಿನ ಕಚೇರಿಯಲ್ಲಿ ಕೂತು ಯಾರೋ ಕಂಡುಹಿಡಿದರು ಅಂತ ನನಗೆ ಅನ್ನಿಸುವುದಿಲ್ಲ. ದನದ ಹಿಂದೆ ನಡೆದವರನ್ನು ಕೇಳದೆ ಇದು ಗೊತ್ತಾಗುವ ವಿಷಯವೇ ಅಲ್ಲ.

ಆ ತಾತನನ್ನು ನೋಡಲು ಹೋದೆ. ರೊಪ್ಪದ (ದನದ ದೊಡ್ಡಿಯ) ಹತ್ತಿರ ಚಪ್ಪಲಿ ಬಿಟ್ಟು ನಿಂತೆ. ಮೊಮ್ಮಗ 'ಇವರೇ ತಾತ, ನಮ್ಮ ಮೇಷ್ಟ್ರು' ಅಂದ. ತಾತ ನನ್ನನ್ನು ಕೂರಿಸಿ ಮಾತಾಡಲಿಲ್ಲ, ನಡೆಸಿಕೊಂಡು ಹೋದರು. ಏಪ್ರಿಲ್ ತಿಂಗಳು. ನನ್ನ ಕಣ್ಣಿಗೆ ಎಲ್ಲಾ ಒಂದೇ ಬಣ್ಣದ ಒಣ ಹುಲ್ಲು.

'ಮೇಷ್ಟ್ರೇ, ಇದು ಹಂಚಿ. ಎಳೇದಿದ್ದಾಗ ಮೇಯ್ತಾವೆ. ತೆನೆ ಒಡೆದ ಮ್ಯಾಲೆ ಮುಳ್ಳಿನಂಗೆ ಬಾಯಿಗೆ ಚುಚ್ಚತೈತೆ. ಅದಕ್ಕೇ ಮೊದಲ ಮಳೆಗೆ ಈ ಕಡೆ ಹೊಡೀತೀವಿ. ಆಮೇಲೆ ಆ ದಿಬ್ಬದ ಆಚೆ. ಹಳ್ಳದ ದಂಡೆ ಮಾತ್ರ ಮುಟ್ಟಲ್ಲ. ಅದು ಬ್ಯಾಸಿಗೇಗೆ.'

ನೋಡಿ, ಗೆಜೆಟಿಯರ್‌ನಲ್ಲಿ ಓದಿದ ಮೂರು ಕಾವಲೂ ಆ ಒಂದು ಹಟ್ಟಿಯ ಸುತ್ತಲೇ ಇದ್ದವು. ನಾನು ಬುಕ್ಕಲ್ಲಿ 'ಸರದಿ ಮೇಯಿಸುವಿಕೆ' ಅಂತ ಪಾಠ ಮಾಡಿದ್ದು ಇದನ್ನೇ. ಹುಲ್ಲಿನ ಹೆಸರುಗಳಲ್ಲಿ ಅರ್ಧ ತೆಲುಗಿನವು. ಈ ಕಡೆ ಎಷ್ಟೋ ಮ್ಯಾಸಬೇಡರ ಹಟ್ಟಿಗಳಲ್ಲಿ ಮನೆಮಾತು ತೆಲುಗು. ಯಾವುದನ್ನೋ ಹಿಡಿದು 'ಗಡ್ಡಿ' ಅಂದಾಗ ನಾನು ಗಡ್ಡೆ ಅಂದುಕೊಂಡೆ. ಮೊಮ್ಮಗ ತಿದ್ದಿದ. ಗಡ್ಡಿ ಅಂದರೆ ಹುಲ್ಲು, ಸಾರ್. ಅವತ್ತು ಆ ಹುಡುಗ ಮೊದಲ ಸಲ ನನಗೆ ಪಾಠ ಮಾಡಿದ. ಅವನ ಮುಖದಲ್ಲಿ ಕಂಡ ಖುಷಿ ಐದಕ್ಕೆ ಐದು ಬಂದಾಗಲೂ ಕಂಡಿರಲಿಲ್ಲ.

ಈಗ ನಮ್ಮ 'ಪುನಶ್ಚೇತನ'ದ ವಿಷಯಕ್ಕೆ ಬರುತ್ತೇನೆ. ಮಳೆ ಕಮ್ಮಿ, ಮರ ಇಲ್ಲ, ಅಂದರೆ ಹಾಳಾಗಿದೆ. ಈ ಯೋಚನೆ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಬ್ರಿಟಿಷರ ಕಂದಾಯ ಲೆಕ್ಕದಲ್ಲಿ ತೆರಿಗೆ ಬರದ ಭೂಮಿಯೆಲ್ಲಾ 'ವೇಸ್ಟ್'. ಆ ಪದ ಇವತ್ತಿನ ನಕ್ಷೆಗಳಲ್ಲೂ ಉಳಿದುಕೊಂಡಿದೆ. ಹಾಗಾಗಿ ಹುಲ್ಲುಗಾವಲಿಗೆ ಜೆಸಿಬಿ ತಂದು ಟ್ರೆಂಚ್ ಹೊಡೆಯುತ್ತೇವೆ. ನೀಲಗಿರಿ, ಅಕೇಶಿಯಾ ನೆಟ್ಟೆವು. ನೀಲಗಿರಿಯನ್ನು ಸರ್ಕಾರವೇ 2017ರಲ್ಲಿ ನಿಷೇಧಿಸಿತು, ಒಳ್ಳೆಯದಾಯಿತು. ಆದರೆ 'ಮರ ಇಲ್ಲದ ಜಾಗ ಖಾಲಿ ಜಾಗ' ಅನ್ನುವ ಯೋಚನೆಗೆ ಯಾವ ನಿಷೇಧವೂ ಇಲ್ಲ.

ನಾನೂ ಎನ್‌ಎಸ್‌ಎಸ್ ಮಕ್ಕಳನ್ನು ಕರೆದುಕೊಂಡು ಹೋಗಿ ಒಂದು ಕಾವಲಿನಲ್ಲಿ ಸಸಿ ನೆಡಿಸಿದ್ದೇನೆ. ಬ್ಯಾನರ್ ಕಟ್ಟಿ ಫೋಟೋ ತೆಗೆಸಿಕೊಂಡಿದ್ದೇನೆ. ಮುಂದಿನ ಬೇಸಿಗೆಗೆ ಸಸಿ ಒಣಗಿದವು. ಅದು ಹೋಗಲಿ. ಗುಂಡಿ ತೋಡಿ ಕೆದಕಿದ ಮಣ್ಣಿನಲ್ಲಿ ಬಳ್ಳಾರಿ ಜಾಲಿಯ ಮುಳ್ಳುಪೊದೆ ಎದ್ದಿತು. ಅಲ್ಲಿದ್ದ ಹುಲ್ಲು ವಾಪಸ್ ಬರಲಿಲ್ಲ. ನಮ್ಮ ಕಡೆ ಮಳೆ ಬರುವುದೇ ನಾಲ್ಕು ಹದ. ಆ ನೀರನ್ನು ಹಿಡಿಯುವುದು, ಮಣ್ಣು ಕೊಚ್ಚಿ ಹೋಗದ ಹಾಗೆ ಕಟ್ಟುವುದು ಈ ಹುಲ್ಲಿನ ಬೇರುಗಳು. ಮೇಲೆ ಒಣಗಿದ್ದರೂ ಕೆಳಗೆ ಜೀವ ಇರುತ್ತದೆ. ಕೃಷ್ಣಮೃಗ ಬದುಕುವುದು ಬಯಲಿನಲ್ಲೇ, ದಟ್ಟ ಮರಗಳ ನಡುವೆ ಅಲ್ಲ. ನೆಡುವ ಮುಂಚೆ ಆ ಹಟ್ಟಿಯ ಒಬ್ಬ ಕುರಿ ಕಾಯುವವನನ್ನು 'ಇಲ್ಲಿ ಏನಿದೆ?' ಅಂತ ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ನಾವು ಅಲ್ಲಿಗೆ ಹೋಗಿದ್ದೇ ಕಲಿಸುವುದಕ್ಕೆ ಅಲ್ವಾ?

ಬೇರೆ ಕಡೆಯ ಎರಡು ಸಂಗತಿ ಹೇಳಲೇಬೇಕು. ಒಂದು ನಮ್ಮ ರಾಜ್ಯದ್ದೇ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆ ಬಲಿಯುವ ಮೊದಲೇ ನೆಲದ ತರಗೆಲೆಗೆ ಸಣ್ಣದಾಗಿ ಬೆಂಕಿ ಕೊಡುತ್ತಿದ್ದರು. ಅದಕ್ಕೆ ತರಗು ಬೆಂಕಿ ಅಂತ ಹೆಸರು. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಂತುಹೋಯಿತು. ಆಮೇಲೆ ಲಂಟಾನ ಅನ್ನುವ ಕಳೆಪೊದೆ ಕಾಡೆಲ್ಲಾ ಹಬ್ಬಿತು, ನೆಲ್ಲಿ ಮರಗಳ ಮೇಲೆ ಬಂದಳಿಕೆ ಜಾಸ್ತಿಯಾಯಿತು ಅಂತ ಸೋಲಿಗರು ಹೇಳುತ್ತಲೇ ಬಂದರು. ವಿಜ್ಞಾನಿಗಳು ಬಹಳ ತಡವಾಗಿ ಅವರ ಮಾತನ್ನು ಅಧ್ಯಯನ ಮಾಡಿದರು. 2011ರಲ್ಲಿ ಅಲ್ಲಿನ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಸಿಕ್ಕಿತು. (ಇದನ್ನು ಓದಿ ಯಾರೂ ನಮ್ಮ ಕಾವಲಿಗೆ ಬೆಂಕಿ ಹಚ್ಚಬೇಡಿ. ಯಾವ ನೆಲ, ಯಾವ ತಿಂಗಳು, ಎಷ್ಟು ಬೆಂಕಿ ಅನ್ನುವುದೇ ಅಲ್ಲಿನ ವಿದ್ಯೆ. ಒಂದು ಕಾಡಿನ ಬುದ್ಧಿ ಇನ್ನೊಂದು ಬಯಲಿಗೆ ಹೊಂದುವುದಿಲ್ಲ.)

ಇನ್ನೊಂದು ಅಮೆರಿಕದ್ದು. ರಾಬಿನ್ ವಾಲ್ ಕಿಮ್ಮರರ್ ಅಂತ ಒಬ್ಬ ಸಸ್ಯವಿಜ್ಞಾನಿ, ಪೊಟವಾಟಮಿ ಅನ್ನುವ ಮೂಲನಿವಾಸಿ ಸಮುದಾಯದವರು. ನ್ಯೂಯಾರ್ಕ್ ರಾಜ್ಯದ ಕಾಲೇಜಿನಲ್ಲಿ ಪ್ರೊಫೆಸರ್. ಅಲ್ಲಿ ಬುಟ್ಟಿ ಹೆಣೆಯುವವರು ಒಂದು ಥರದ ಪರಿಮಳದ ಹುಲ್ಲನ್ನು ಕೀಳುತ್ತಾರೆ. ಕಿತ್ತರೆ ಹುಲ್ಲು ಕಡಿಮೆಯಾಗುತ್ತದಾ ಅಂತ ಕಿಮ್ಮರರ್ ಅವರ ವಿದ್ಯಾರ್ಥಿನಿಯೊಬ್ಬರು ಪ್ರಯೋಗ ಮಾಡಿದರು. ಅಲ್ಲಿನ ಕೆಲವು ಪ್ರೊಫೆಸರುಗಳಿಗೆ ಅದು ವಿಜ್ಞಾನ ಅಂತಲೇ ಅನ್ನಿಸಿರಲಿಲ್ಲ. ಕೊನೆಗೆ ನೋಡಿದರೆ, ಬುಟ್ಟಿಯವರ ಕ್ರಮದಲ್ಲಿ ಹದವಾಗಿ ಕಿತ್ತ ಜಾಗದಲ್ಲಿ ಹುಲ್ಲು ಚೆನ್ನಾಗಿತ್ತು. ಯಾರೂ ಮುಟ್ಟದೆ ಬಿಟ್ಟ ಜಾಗದಲ್ಲೇ ಸೊರಗಿತ್ತು.

ಇದನ್ನು ಓದಿದಾಗ ನನಗೆ ನಮ್ಮೂರಿನ ಹಂಚಿಕಡ್ಡಿ ಪೊರಕೆ ನೆನಪಾಯಿತು. ತಾತ ತೋರಿಸಿದ ಅದೇ ಹಂಚಿ. ನಮ್ಮ ಅಮ್ಮ ಬೀಜ ಉದುರುವ ತನಕ ಹಂಚಿಕಡ್ಡಿ ಮುಟ್ಟಲು ಬಿಡುತ್ತಿರಲಿಲ್ಲ. ಹುಲ್ಲನ್ನು ಬೇರು ಸಮೇತ ಎಳೆದರೆ ಬೈಯುತ್ತಿದ್ದರು. ಆಗ ಸುಮ್ನೆ ಬೈಗುಳ ಅನ್ನಿಸಿತ್ತು.

ಕೆನಡಾದಲ್ಲಿ ಮಿಗ್‌ಮಾ ಸಮುದಾಯದ ಹಿರಿಯರಾದ ಆಲ್ಬರ್ಟ್ ಮಾರ್ಷಲ್ 2004ರಲ್ಲಿ ಒಂದು ಮಾತು ಕೊಟ್ಟರು. ಎರಡು ಕಣ್ಣಿನ ನೋಟ ಅಂತ. ಒಂದು ಕಣ್ಣಲ್ಲಿ ಹಿರಿಯರ ತಿಳಿವಳಿಕೆ, ಇನ್ನೊಂದರಲ್ಲಿ ವಿಜ್ಞಾನ, ಎರಡನ್ನೂ ತೆರೆದು ನೋಡುವುದು. ಅವರೂ ಅವರ ಹೆಂಡತಿ ಮುರ್ಡೀನಾ ಅವರೂ ಕೇಪ್ ಬ್ರೆಟನ್ ವಿಶ್ವವಿದ್ಯಾಲಯದ ವಿಜ್ಞಾನಿಯ ಜೊತೆ ಸೇರಿ ಅದನ್ನು ಪಾಠದೊಳಗೆ ತಂದರು. ನನಗೆ ಹಿಡಿಸಿದ್ದು ಇದು: ಅಲ್ಲಿ ಹಿರಿಯರು ಮಾಹಿತಿ ಕೊಟ್ಟು ಮನೆಗೆ ಹೋಗುವವರಲ್ಲ, ಪಾಠ ಕಟ್ಟುವವರು.

ನಮ್ಮಲ್ಲಿ ಏನಾಗುತ್ತದೆ? 'ಸಾಂಪ್ರದಾಯಿಕ ಜ್ಞಾನ' ಅಂತ ಒಂದು ಪ್ಯಾರಾ. ಎರಡು ಅಂಕದ ಪ್ರಶ್ನೆ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯತಿಯಲ್ಲೂ ಸಮಿತಿ ಇರಬೇಕು, ಊರಿನ ಗಿಡಮರ, ದನಕರು, ಅವುಗಳ ಬಗ್ಗೆ ಇರುವ ತಿಳಿವಳಿಕೆ ಎಲ್ಲಾ ಊರಿನವರ ಬಾಯಿಂದಲೇ ಕೇಳಿ ದಾಖಲಾಗಬೇಕು. ಒಳ್ಳೆಯ ಕಾಯ್ದೆ. ಆದರೆ ನಾನು ನೋಡಿದ ಒಂದು ದಾಖಲಾತಿಯಲ್ಲಿ ಹುಲ್ಲು ಅನ್ನುವ ಕಾಲಂನಲ್ಲಿ 'ಹುಲ್ಲು' ಅಂತಲೇ ಬರೆದಿತ್ತು.

ನನ್ನ ಅಭಿಪ್ರಾಯ ಇಷ್ಟು. ನಮ್ಮ ಜಿಲ್ಲೆಯ ಕಾಲೇಜುಗಳಲ್ಲಿ ಕಾವಲಿನ ಪಾಠವನ್ನು ಕಿಲಾರಿಗಳೇ ಮಾಡಬೇಕು. ಅತಿಥಿ ಉಪನ್ಯಾಸಕರಿಗೆ ಕೊಡುವ ದುಡ್ಡನ್ನೇ ಅವರಿಗೂ ಕೊಡಬೇಕು. ಒಂದು ಶಾಲು, ಒಂದು ಹಾರ ಹಾಕಿ ಕಳಿಸುವುದಲ್ಲ. ಪಾಠ ಕಾವಲಿನಲ್ಲೇ ಆಗಬೇಕು, ಅದೂ ವರ್ಷಕ್ಕೆ ಮೂರು ಸಲ. ಮೊದಲ ಮಳೆ ಬಿದ್ದ ಮೇಲೆ, ದೀಪಾವಳಿ ಹೊತ್ತಿಗೆ, ಏಪ್ರಿಲ್‌ನಲ್ಲಿ. ಒಂದೇ ಸಲ ಹೋದರೆ ಹುಲ್ಲುಗಾವಲು ಅರ್ಥವಾಗುವುದಿಲ್ಲ. ಹುಲ್ಲಿನ ಹೆಸರು ಅವರು ಹೇಳಿದ ಭಾಷೆಯಲ್ಲೇ ಇರಲಿ, ಲ್ಯಾಟಿನ್ ಹೆಸರು ಪಕ್ಕದಲ್ಲಿ ಬರಲಿ. ಅವರು ಹೇಳಲು ಇಷ್ಟಪಡದ್ದನ್ನು ಒತ್ತಾಯ ಮಾಡಿ ಕೇಳಬಾರದು. ಔಷಧಿ ಬೇರಿನ ಬಗ್ಗೆ ಆ ತಾತ ನನಗೆ ಏನೂ ಹೇಳಲಿಲ್ಲ. 'ಅದು ಬ್ಯಾಡ ಮೇಷ್ಟ್ರೇ' ಅಂದರು. ಅಷ್ಟೇ ಸಾಕು, ಅದು ಅವರ ಹಕ್ಕು.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಹಟ್ಟಿಯ ತಿಳಿವಳಿಕೆಗೆ ಮರ್ಯಾದೆ ಕೊಡುವುದು ಅಂದರೆ ಹಟ್ಟಿಯ ಎಲ್ಲಾ ಆಚಾರವನ್ನೂ ಒಪ್ಪುವುದಲ್ಲ. ಮುಟ್ಟಾದ ಹೆಣ್ಣುಮಕ್ಕಳನ್ನು, ಬಾಣಂತಿಯರನ್ನು ಹಟ್ಟಿಯ ಹೊರಗೆ ಇರಿಸುವ ಪದ್ಧತಿ ಕಾಡುಗೊಲ್ಲರ ಕೆಲವು ಹಟ್ಟಿಗಳಲ್ಲಿ ಇನ್ನೂ ಇದೆ. ನನ್ನ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು. 'ಸಾರ್, ತಾತಂದಿರನ್ನು ಮಾತ್ರ ಕರೆಸ್ತೀರಾ? ನಮ್ಮ ಅಜ್ಜಿಗೆ ಎಲ್ಲಾ ಗೊತ್ತಿದೆ. ಅವರನ್ನ ಯಾರೂ ಕೇಳಿಲ್ಲ.' ಸರಿಯಾದ ಮಾತು. ಬೀಜ ಎತ್ತಿಡುವವರು, ಸೊಪ್ಪು ತರುವವರು, ಪೊರಕೆ ಕಟ್ಟುವವರು ಹೆಂಗಸರೇ. ಅವರಿಲ್ಲದ ಪಾಠ ಅರ್ಧ ಪಾಠ.

ಇನ್ನೊಂದು ದೊಡ್ಡ ಪ್ರಶ್ನೆಯೂ ಇದೆ. 2010ರ ಆಸುಪಾಸಿನಲ್ಲಿ ಚಳ್ಳಕೆರೆಯ ಕುದಾಪುರ, ಉಳ್ಳಾರ್ತಿ, ವರವು ಕಾವಲಿನ ಸುಮಾರು 10,000 ಎಕರೆಯನ್ನು ದೊಡ್ಡ ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟರು. ಗೋಡೆ ಎದ್ದಿತು, ದನ ನಡೆಯುವ ದಾರಿ ನಿಂತಿತು. ಊರಿನವರು ಹೋರಾಡಿದರು, ಹಸಿರು ನ್ಯಾಯಮಂಡಳಿವರೆಗೂ ಹೋಯಿತು. ವಿಜ್ಞಾನ ಬೇಡ ಅಂತ ನಾನು ಹೇಳುವುದಿಲ್ಲ, ನಾನೂ ವಿಜ್ಞಾನದ ಮೇಷ್ಟ್ರೇ. ಆದರೆ ಕಾವಲೇ ಇಲ್ಲದಿದ್ದರೆ ಕಿಲಾರಿಯ ವಿದ್ಯೆ ಎಲ್ಲಿ ಉಳಿಯುತ್ತದೆ? ಬರದ ವರ್ಷ ದೇವರ ಎತ್ತುಗಳಿಗೆ ಮೇವಿಲ್ಲ ಅಂತ ಪೇಪರಿನಲ್ಲಿ ಬಂದಾಗ ನಾವು ಮರುಗಿ ಒಂದು ಲೋಡ್ ಮೇವು ಕಳಿಸುತ್ತೇವೆ. ಮೇವು ಬೆಳೆಯುತ್ತಿದ್ದ ನೆಲ ಎಲ್ಲಿ ಹೋಯಿತು ಅಂತ ಕೇಳುವುದಿಲ್ಲ. ಬಂಜರು ಅಂತ ಮೊದಲು ಪುಸ್ತಕದಲ್ಲಿ ಬರೆಯುತ್ತೇವೆ. ಆಮೇಲೆ ಬೇರೆಯವರಿಗೆ ಕೊಡುವುದು ಸುಲಭವಾಗುತ್ತದೆ.

ಈಗ ನನ್ನ ಪ್ರಶ್ನೆಪತ್ರಿಕೆಯಲ್ಲಿ ಆ ಪ್ರಶ್ನೆ ಇಲ್ಲ. ಬದಲಿಗೆ, 'ನಿಮ್ಮ ಊರಿನ ಐದು ಹುಲ್ಲು ಹೆಸರಿಸಿ, ಯಾರಿಂದ ಕಲಿತಿರಿ ಬರೆಯಿರಿ' ಅಂತ ಕೇಳುತ್ತೇನೆ. ಮೊದಲ ವರ್ಷ ಅರ್ಧ ಕ್ಲಾಸು ಖಾಲಿ ಬಿಟ್ಟಿತು. ಹೋದ ವರ್ಷ ಒಬ್ಬಳು ಹನ್ನೊಂದು ಬರೆದಳು. ಪಕ್ಕದಲ್ಲಿ 'ನಮ್ಮ ದೊಡ್ಡಮ್ಮ' ಅಂತ ಬರೆದಿದ್ದಳು.

ದೀಪಾವಳಿ ಆದ ಮೇಲೆ ಈ ಸಲದ ಮಕ್ಕಳನ್ನು ಕಾವಲಿಗೆ ಕರೆದುಕೊಂಡು ಹೋಗುತ್ತಿದ್ದೇವೆ. ಜಗಳೂರು, ಮೊಳಕಾಲ್ಮೂರು ಕಡೆಯ ಗೆಳೆಯರೇ, ನಿಮ್ಮ ಹಟ್ಟಿಯಲ್ಲಿ ಕಿಲಾರಿಗಳೋ, ಕುರಿ ಕಾಯುವವರೋ, ಪೊರಕೆ ಕಟ್ಟುವ ಅಜ್ಜಿಯೋ ಒಂದು ದಿನ ಬಂದು ಪಾಠ ಮಾಡಲು ಒಪ್ಪುವುದಾದರೆ ನನಗೆ ಮೆಸೇಜ್ ಮಾಡಿ. ಗೌರವಧನ, ಬಸ್ ಚಾರ್ಜು, ಊಟ ನಮ್ಮದು. ಮತ್ತೆ, ನಿಮ್ಮೂರಲ್ಲಿ ಹಂಚಿಕಡ್ಡಿಯನ್ನು ಯಾವ ತಿಂಗಳು ಕೊಯ್ಯುತ್ತಾರೆ ಅಂತ ಮನೆಯ ಹಿರಿಯರನ್ನು ಕೇಳಿ ಕೆಳಗೆ ಬರೆಯಿರಿ. ಊರಿನ ಹೆಸರೂ ಇರಲಿ.